ಮಿಷನ್ನಿನ ಕಾಯಿಲೆ

ಫೆಬ್ರವರಿ 9

ಅಣ್ಣಾ,

ಫೋನು ಮಾಡಬಹುದಿತ್ತು. ಆದರೆ ನೀನು ಫೋನನ್ನು ಕಟಿಂಗ್ ಟೇಬಲ್ಲಿನ ಮೇಲಿಟ್ಟು ಸ್ಪೀಕರಿಗೆ ಹಾಕಿ, ಕತ್ತರಿ ಆಡಿಸುತ್ತಲೇ ಮಾತಾಡುವವನು. ಇಲ್ಲಿ ನಾನು ಕೆಮ್ಮಿದರೆ ಅಲ್ಲಿ ನಿನ್ನ ಮಕ್ಕಳಿಬ್ಬರಿಗೂ, ಟ್ರಯಲ್ ನೋಡಲು ಬಂದ ಗಿರಾಕಿಗೂ, ಗುಂಡಿಗೆ ಕಾಜಾ ಹಾಕುವ ನಮ್ಮ ಮುದುಕನಿಗೂ ಕೇಳಿಸುತ್ತದೆ. ಕಾರ್ಡು ಬರೆದರೂ ಅದೇ ಗತಿ. ಅಂಗಡಿಗೆ ಬರುವ ಕಾರ್ಡನ್ನೆಲ್ಲ ಕಾಜಾ ಮುದುಕ ಮೊದಲು ತಾನು ಓದಿಕೊಂಡು, ಆಮೇಲೆ ವಾರ್ತೆ ಓದುವವರ ಹಾಗೆ ಗಟ್ಟಿಯಾಗಿ ಓದುತ್ತಾನಲ್ಲ, ಆ ಚಟ ಇನ್ನೂ ಇರಬೇಕು. ಅದಕ್ಕೇ ಲಕೋಟೆ.

ಬೆನ್ನು ನೋವು ಅನ್ನುತ್ತಿದ್ದೆನಲ್ಲ, ಬೇಸಿಗೆಯಿಂದ? ಅಂಚೆ ಬಟವಾಡೆಗೆ ಹೊರಟರೆ ಸೈಕಲ್ ಸೀಟಿನ ಮೇಲೆ ಕೂರುವುದೇ ಕಷ್ಟವಾಗಿತ್ತು. ಮೂತ್ರಕ್ಕೆ ಪದೇ ಪದೇ ಏಳುವುದು ಬೇರೆ. ಇವಳು ಬೈದು ಬೈದು ಕೊನೆಗೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ರಕ್ತ ತೆಗೆದರು. ಆಮೇಲೆ ಸೂಜಿ ಹಾಕಿ ಒಳಗಿನಿಂದ ಚೂರು ಚೂರು ಮಾಂಸ ತೆಗೆದರು. ಎಲ್ಲಿಂದ ಅಂತ ಕೇಳಬೇಡ, ಐವತ್ತನಾಲ್ಕು ವರ್ಷ ಕಾಪಾಡಿಕೊಂಡು ಬಂದ ಮಾನ ಅವತ್ತು ಹೋಯಿತು. ನಿನ್ನೆ ಫಲಿತಾಂಶ ಹೇಳಿದರು. ಪ್ರಾಸ್ಟೇಟ್ ಕ್ಯಾನ್ಸರ್. ಮೂತ್ರಚೀಲದ ಕೆಳಗೆ ನಿಂಬೆಹಣ್ಣಿಗಿಂತ ಚಿಕ್ಕದೊಂದು ಗ್ರಂಥಿಯಂತೆ, ಗಂಡಸರಿಗೆ ಮಾತ್ರ ಇರುತ್ತದಂತೆ. ಅದು ನನಗಿದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಒಳ್ಳೆಯವಳು, ಮಾತು ಚುರುಕು. "ನಿಮ್ಮನೇಲಿ ಯಾರಿಗಾದ್ರೂ ಇತ್ತಾ? ತಂದೆಗೆ, ಅಣ್ಣತಮ್ಮಂದಿರಿಗೆ?" ಅಂತ ಕೇಳಿದಳು. "ಇಲ್ಲಮ್ಮ, ನಮ್ಮನೇಲಿ ಇರೋದು ಒಂದೇ ಕಾಯಿಲೆ, ಮಿಷನ್ ಕಾಯಿಲೆ" ಅಂದೆ. ಹಾಗೆಂದರೇನು ಅಂದಳು. ಮೂರು ತಲೆಮಾರಿನಿಂದ ನಮ್ಮದು ಹೊಲಿಗೆ, ಮಿಷನ್ ಮುಂದೆ ಬಗ್ಗಿ ಕೂತು ಕೂತು ನಮ್ಮ ಗಂಡಸರ ಸೊಂಟ ಬಿದ್ದುಹೋಗುತ್ತದೆ, ಅಜ್ಜನೂ ಅಪ್ಪನೂ ಕೊನೆಗೆ ಬೆನ್ನು ಬೆನ್ನು ಅಂತ ಒದ್ದಾಡುತ್ತಲೇ ಹೋದರು, ಅದಕ್ಕೆ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತೇವೆ ಅಂದೆ. ಆಕೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. "ಡಾಕ್ಟ್ರು ಅದಕ್ಕೆ ಏನು ಹೆಸರು ಹೇಳಿದ್ರು?" ಅಂದಳು. ನನಗೆ ಗೊತ್ತಿಲ್ಲ. ಅಪ್ಪನ ಜೊತೆ ಆಸ್ಪತ್ರೆಯಲ್ಲಿ ಕೊನೆಯವರೆಗೂ ಇದ್ದವನು ನೀನು. ಸ್ವಲ್ಪ ನೆನಪು ಮಾಡಿಕೊಂಡು ಬರೆ.

ನಗು ಬರುವ ವಿಷಯ ಒಂದಿದೆ. ಸಾರ್ಟಿಂಗಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಉದ್ದಣ್ಣ ನೆನಪಿದ್ದಾನಾ? ಬಾಗಿಲಿಗೆ ತಲೆ ತಾಗಿಸಿಕೊಳ್ಳುವವನು, ಅವನ ಹಿರಿಯರು ಆಫ್ರಿಕಾದಿಂದ ಬಂದವರು. ಅವನ ಅಪ್ಪನಿಗೆ ಈ ಕಾಯಿಲೆ ಬಂದಾಗ ಆ ಯಜಮಾನ ನಾಲ್ಕು ಗಂಡುಮಕ್ಕಳನ್ನೂ ಊಟದ ಮೇಜಿಗೆ ಕೂರಿಸಿ, "ನೋಡ್ರೋ, ನಮ್ಮ ಜನಕ್ಕೆ ಇದು ಜಾಸ್ತಿ, ಬೇಗ ಬೇರೆ ಬರುತ್ತೆ, ಈಗ ನನಗೂ ಬಂದಿದೆ. ನಾಚಿಕೆ ಪಡದೆ ಪರೀಕ್ಷೆ ಮಾಡಿಸ್ಕೊಳ್ಳಿ" ಅಂದಿದ್ದನಂತೆ. ಉದ್ದಣ್ಣ ವರ್ಷಾ ವರ್ಷಾ ರಕ್ತ ಕೊಡಲು ಹೋಗುವಾಗ "ಜೊತೆಗೆ ಬಾರೋ, ಒಬ್ಬನೇ ಹೋಗೋಕೆ ಬೇಜಾರು" ಅಂತ ನನ್ನನ್ನೂ ಕರೆಯುತ್ತಿದ್ದ. ನಾನು "ಅದು ನಿಮ್ಮವರ ಕಾಯಿಲೆ ಕಣೋ, ನಮ್ಮನೇಲಿ ಆ ಫ್ಯಾಷನ್ ಇಲ್ಲ" ಅನ್ನುತ್ತಿದ್ದೆ. ಈಗ ಅವನು ಆರಾಮಾಗಿದ್ದಾನೆ. ನನ್ನ ಸುದ್ದಿ ಕೇಳಿ ಅವನೇ ಅತ್ತ.

ಅಜ್ಜ ಹಾಸಿಗೆ ಹಿಡಿದಿದ್ದನ್ನು ನೋಡಿ ಈ ಮಿಷನ್ ಸಹವಾಸವೇ ಬೇಡ ಅಂತ ಅಂಚೆ ಇಲಾಖೆಗೆ ಓಡಿಬಂದವನು ನಾನು. ಕಾಲು ಆಡಿಸುತ್ತಿದ್ದರೆ ಬಚಾವು ಅಂದುಕೊಂಡಿದ್ದೆ. ಬೇಗ ಬರೆ.

ನಿನ್ನ,
ಸೈಕಲ್ ತಮ್ಮ


ಮಾರ್ಚ್ 2

ತಮ್ಮಾ,

ಕಾಗದ ಮುಟ್ಟಿತು. ಉತ್ತರ ತಡವಾಯಿತು, ಶಾಲೆಯ ಯೂನಿಫಾರ್ಮ್ ಆರ್ಡರು ತಲೆಯ ಮೇಲೆ ಕೂತಿತ್ತು.

ಅಪ್ಪನದು ಬೆನ್ನುಮೂಳೆ ಸವೆದಿದ್ದು. ಡಾಕ್ಟರು ಹೆಸರು ಗಿಸರು ಏನೂ ಹೇಳಲಿಲ್ಲ. ಹೇಳಿದ್ದರೂ ಹದಿನೆಂಟು ವರ್ಷದ ಹಿಂದಿನ ಮಾತು, ಯಾರಿಗೆ ನೆನಪಿರುತ್ತದೆ. ಅಜ್ಜನದಂತೂ ನಾವು ಹುಡುಗರಾಗಿದ್ದಾಗಿನ ಕಥೆ.

ನಮ್ಮ ಜನಕ್ಕೆ ಈ ಕಾಯಿಲೆ ಬರುವುದು ಕಡಿಮೆ ಅಂತ ತಿಳಿದವರು ಹೇಳುತ್ತಾರೆ. ಇನ್ನೊಬ್ಬ ಡಾಕ್ಟರಿಗೆ ತೋರಿಸು. ಅಷ್ಟು ವರ್ಷ ಸೈಕಲ್ ಸೀಟು ಒತ್ತಿ ಒತ್ತಿ ಏನಾದರೂ ಆಗಿರಬೇಕು. ಧೈರ್ಯವಾಗಿರು. ಅಂಗಡಿಯಲ್ಲಿ ಯಾರಿಗೂ ಹೇಳಿಲ್ಲ, ಮಕ್ಕಳಿಗೂ ಹೇಳಿಲ್ಲ.

ಸೊಂಟದ ಅಳತೆ ತೆಗೆದು ಕಳಿಸು. ಎರಡು ಪ್ಯಾಂಟು ಹೊಲಿದು ಕಳಿಸುತ್ತೇನೆ.

ನಿನ್ನ ಅಣ್ಣ


ಮಾರ್ಚ್ 20

ಅಣ್ಣಾ,

ಸೊಂಟ ಎರಡು ಇಂಚು ಒಳಗೆ ಹೋಗಿದೆ. ನನ್ನ ಅಳತೆ ನಿನಗೆ ಬಾಯಿಪಾಠ ಇತ್ತಲ್ಲ, ಅದನ್ನು ಮರೆತುಬಿಡು.

ಸ್ಕ್ಯಾನ್ ಆಯಿತು. ಮೂಳೆಗೆ ಹೋಗಿದೆ. ಬೆನ್ನಿನಲ್ಲೂ ಇದೆ, ಸೊಂಟದಲ್ಲೂ ಇದೆ. ಆಪರೇಷನ್ ಮಾಡಿ ತೆಗೆದು ಬಿಸಾಕುವ ಹಂತ ದಾಟಿದೆಯಂತೆ. ಇಂಜೆಕ್ಷನ್ನು, ಮಾತ್ರೆ ಕೊಟ್ಟು ಹಿಡಿದಿಡುತ್ತಾರೆ. ಎಷ್ಟು ವರ್ಷ ಅಂತ ಕೇಳಿದೆ. "ಕೆಲವರಿಗೆ ಚೆನ್ನಾಗೇ ವರ್ಷಗಟ್ಟಲೆ ಎಳೆಯುತ್ತೆ" ಅಂದಳು ಡಾಕ್ಟರಮ್ಮ. ಆ "ಕೆಲವರು" ಅನ್ನುವ ಮಾತು ಕಿವಿಯಲ್ಲೇ ಕೂತುಬಿಟ್ಟಿದೆ. ಇಂಜೆಕ್ಷನ್ ಕೊಟ್ಟ ಮೇಲೆ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರಿ ಬೆವರು ಸುರಿಯುತ್ತದೆ. "ಈಗ ಗೊತ್ತಾಯ್ತಾ ಮುಟ್ಟು ನಿಲ್ಲುವಾಗ ನಾನು ನಾಲ್ಕು ವರ್ಷ ಪಟ್ಟ ಪಾಡು?" ಅಂತ ಇವಳು ಬೀಸಣಿಗೆ ಕೈಗೆ ಕೊಟ್ಟಳು.

ನಮ್ಮ ಜನಕ್ಕೆ ಬರುವುದು ಕಡಿಮೆ ಅಂದೆಯಲ್ಲ, ಅದನ್ನೂ ಕೇಳಿದೆ. ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ಆಫ್ರಿಕಾ ಮೂಲದೋರಿಗೆ ಅಪಾಯ ಜಾಸ್ತಿ, ಚಿಕ್ಕ ವಯಸ್ಸಲ್ಲೇ ಬರುತ್ತೆ. ನಿಮ್ಮ ಮೂಲದೋರಲ್ಲಿ ಲೆಕ್ಕ ಕಡಿಮೆ, ಸರಿ. ಆದ್ರೆ ಪರೀಕ್ಷೆ ಮಾಡಿಸ್ಕೊಳ್ಳೋರೂ ಕಡಿಮೆ, ಬಾಯಿಬಿಟ್ಟು ಹೇಳೋರು ಇನ್ನೂ ಕಡಿಮೆ. ಜನದ ಲೆಕ್ಕ ಹಾಗಿರಲಿ, ನಿಮ್ಮನೆ ಲೆಕ್ಕ ಏನು? ಅಪ್ಪನಿಗೆ ಇದ್ರೆ ಮಗನಿಗೆ ಬರೋ ಸಾಧ್ಯತೆ ಎರಡು ಪಟ್ಟು. ಅಣ್ಣನಿಗೋ ತಮ್ಮನಿಗೋ ಇದ್ರೆ ಇನ್ನೂ ಹೆಚ್ಚು. ಇಬ್ಬರಿಗೂ ಇದ್ರೆ ಅದಕ್ಕಿಂತ ಹೆಚ್ಚು." ಸೈಕಲ್ ಅಂದದ್ದಕ್ಕೆ ನಕ್ಕು, "ಪಾಪ, ಅದನ್ನ ಯಾಕೆ ಎಳೀತೀರಿ" ಅಂದಳು. ಮಿಷನ್ನಿನದೂ ತಪ್ಪಿಲ್ಲವಂತೆ. ಬೆನ್ನು ನೋವು ಅಂತ ನಾವು ಹೇಳುತ್ತಿದ್ದದ್ದು ಮೂಳೆಗೆ ಹೋದ ಮೇಲಿನ ನೋವು ಇದ್ದರೂ ಇರಬಹುದು ಅಂದಳು.

ಅಪ್ಪನ ವಿಷಯ ಮತ್ತೆ ಕೇಳಿದಳು. ನಮ್ಮ ಅಣ್ಣ ಜೊತೆಗಿದ್ದ, ಅವನು ಹಾಗೇನೂ ಇಲ್ಲ ಅಂತ ಬರೆದಿದ್ದಾನೆ ಅಂದೆ. ನೀನು ಹೇಳಿದ ಮೇಲೆ ಮುಗಿಯಿತು. ಅಪ್ಪನ ಶವದ ಪಕ್ಕದಲ್ಲಿ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು "ಇನ್ಮೇಲೆ ನಿನಗೆ ನಾನಿದೀನಿ ಕಣೋ" ಅಂದವನು ನೀನು. ನಿನ್ನ ಮಾತು ನಿಜವಾ ಅಂತ ನಾನು ಯಾವತ್ತೂ ಎರಡನೇ ಸಲ ಕೇಳಿಲ್ಲ.

ಬೀಸಣಿಗೆ ಹಿಡಿದ,
ತಮ್ಮ


ಏಪ್ರಿಲ್ 11

ತಂಗೀ,

ಇದು ನಿನಗೇ ಬರೆಯುತ್ತಿರುವುದು. ಪ್ಯಾಂಟಿನ ಪಾರ್ಸಲ್ಲಿನ ಒಳಗೇ ಇಟ್ಟಿದ್ದೇನೆ. ಮೈದುನನ ಸುದ್ದಿ ಇವರು ನಿನ್ನೆಯಷ್ಟೇ ನನಗೆ ಹೇಳಿದ್ದು. ಅಳಬೇಡ ಕಣೇ. ಆರು ವರ್ಷದ ಹಿಂದೆ ಇವರಿಗೆ ಆದಾಗ ನಾನೂ ಹೀಗೇ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದೆ. ಈಗ ನೋಡು, ಗುಂಡುಕಲ್ಲಿನ ಹಾಗಿದ್ದಾರೆ, ಎರಡು ಆಳಿನ ಕೆಲಸ ಮಾಡುತ್ತಾರೆ.

ಆಪರೇಷನ್ ಆದ ಮೇಲೆ ಕೆಲವು ತಿಂಗಳು ಮೂತ್ರ ನಿಲ್ಲುವುದಿಲ್ಲ. ಇವರು ನಾಚಿಕೆಯಿಂದ ಮಾತೇ ಬಿಟ್ಟುಬಿಟ್ಟಿದ್ದರು. ಆಮೇಲೆ ತಾವೇ ಉಪಾಯ ಮಾಡಿ ಪ್ಯಾಂಟಿನ ಒಳಗೆ ಎರಡು ಪದರ ಲೈನಿಂಗ್ ಹಾಕಿ ಹೊಲಿದುಕೊಂಡರು, ಹೊರಗೆ ಒಂದು ಚೂರೂ ಕಾಣಿಸುತ್ತಿರಲಿಲ್ಲ. ಅದೇ ರೀತಿ ಮೈದುನನಿಗೂ ಎರಡು ಹೊಲಿದು ಕಳಿಸಿದ್ದಾರೆ. ಬಿಸಿನೀರಿನಲ್ಲಿ ಒಗೆಯಬೇಡ, ಲೈನಿಂಗ್ ಕುಗ್ಗುತ್ತದೆ.

ನನಗೆ ಹೊಟ್ಟೆ ಉರಿಯುವುದು ಒಂದೇ ವಿಷಯಕ್ಕೆ. ಮಾವನವರು ಇದರಲ್ಲೇ ಹೋದಾಗ ಡಾಕ್ಟರು ಅಷ್ಟು ಬಿಡಿಸಿ ಹೇಳಿದ್ದರಂತೆ, ಗಂಡುಮಕ್ಕಳು ಇಬ್ಬರೂ ನಲವತ್ತೈದಾದ ಮೇಲೆ ತಪ್ಪದೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಅಂತ. ಇವರು ವರ್ಷಾ ವರ್ಷಾ ಹೋಗುತ್ತಿದ್ದರು, ಅದಕ್ಕೇ ಬೇಗ ಸಿಕ್ಕಿತು. ಮೈದುನನಿಗೂ ಎಷ್ಟೋ ಸಲ ಹೇಳಿದರಂತೆ, ಅವನು "ಹೋಗೋ ಅಣ್ಣ" ಅಂತ ನಕ್ಕು ತಳ್ಳಿಹಾಕಿದನಂತೆ. ಚಿಕ್ಕಂದಿನಿಂದ ಅವನು ಹಾಗೇ, ಯಾವುದಕ್ಕೂ ಉಡಾಫೆ. ಈಗ ಬೈದು ಏನು ಪ್ರಯೋಜನ ಹೇಳು.

ಊರವರಿಗೆ, ನಮ್ಮ ಮಕ್ಕಳಿಗೆ ಎಲ್ಲ ಹರ್ನಿಯಾ ಅಂತಲೇ ಹೇಳಿದ್ದೇವೆ. ನಿಮಗೆ ಮಾತ್ರ ನಿಜ ಗೊತ್ತು ಅಂದಿದ್ದಾರೆ ಇವರು. ಹಾಗಾಗಿ ಕಾಗದ ಓದಿ ಹರಿದುಹಾಕು.

ನಿನ್ನ ಅಕ್ಕ


ಏಪ್ರಿಲ್ 15

ಅಣ್ಣಾ,

ಪಾರ್ಸಲ್ ಬಂತು. ಅತ್ತಿಗೆಯ ಕಾಗದವೂ ಬಂತು. ಇವಳು ಓದಿ, ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು. ನಾನು ಓದಿದೆ. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದೆ. ಅತ್ತಿಗೆಗೆ ಒಂದು ಮಾತೂ ಅನ್ನಬೇಡ, ಪಾಪ, ಆಕೆ ಸಮಾಧಾನ ಹೇಳಲು ಬಂದವಳು.

ಎಷ್ಟೋ ಸಲ ಹೇಳಿದೆಯಾ? ಯಾವಾಗ? ಎಲ್ಲಿ ಕೂತಿದ್ದೆವು? ನಾನು ಯಾವಾಗ ನಕ್ಕೆ? ಲೋ, ನೀನು ನನಗೆ ಹೇಳಲಿಲ್ಲ ಅನ್ನುವುದು ಒಂದು. ಹೇಳಿದೆ, ಅವನೇ ಕೇಳಲಿಲ್ಲ ಅಂತ ಹೆಂಡತಿಯ ಮುಂದೆ ನನ್ನನ್ನೇ ಕೆಟ್ಟವನನ್ನಾಗಿ ಮಾಡಿದ್ದು ಇನ್ನೊಂದು. ನಾನು ಸತ್ತರೆ ಅತ್ತಿಗೆ ನನ್ನ ಹೆಣದ ಮುಂದೆ ಕೂತು "ಉಡಾಫೆಯಿಂದ ಹೋದ" ಅಂತ ಅಳುತ್ತಿದ್ದಳು. ನೀನು ಪಕ್ಕದಲ್ಲಿ ತಲೆಯಾಡಿಸುತ್ತಿದ್ದೆ. ಅಷ್ಟು ದೂರ ಲೆಕ್ಕ ಹಾಕಿದ್ದೀಯ.

ನಿನ್ನ ಹರ್ನಿಯಾ ನನಗೆ ಚೆನ್ನಾಗಿ ನೆನಪಿದೆ. ರಜೆ ಹಾಕಿ ಬಂದಿದ್ದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಥಾನುಗಳ ನಡುವೆ ನಿನಗೆ ಹಾಸಿಗೆ ಹಾಸಿದ್ದರು. ನಿನಗೆ ಕಿತ್ತಳೆ ಬಿಡಿಸಿ ಕೊಟ್ಟೆ, ಬೇಡ ಬೇಡ ಅಂದರೂ ಕಾಲು ಒತ್ತಿದೆ. ಒಂದು ದಿನ ಹಾಸಿಗೆ ಒದ್ದೆಯಾಗಿತ್ತು. "ನೀರಿನ ಲೋಟ ಉರುಳ್ತು" ಅಂದೆ ನೀನು. ನಾನು ಬಟ್ಟೆ ತಂದು ಒರೆಸಿದೆ. ಹೊದಿಕೆ ಬದಲಾಯಿಸಿದೆ. ನೀನು ಗೋಡೆಯ ಕಡೆ ತಿರುಗಿ ಮಲಗಿದೆ, ನೋವಿರಬೇಕು ಅಂತ ನಾನು ಸುಮ್ಮನಾದೆ. ಆಗ ನನಗೆ ನಲವತ್ತೆಂಟು, ಅಣ್ಣಾ. ಆವತ್ತು ಗೋಡೆ ಬಿಟ್ಟು ನನ್ನ ಕಡೆ ತಿರುಗಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾರನೆಯ ದಿನವೇ ಹೋಗಿ ರಕ್ತ ಕೊಡುತ್ತಿದ್ದೆ. ನಾಲಿಗೆ ಬಿದ್ದುಹೋಗಿತ್ತಾ ನಿನಗೆ?

ಫೆಬ್ರವರಿಯಲ್ಲಿ ನಾನು ಕೇಳಿದಾಗಲೂ ನೀನು ಹೇಳಲಿಲ್ಲ. ಬೆನ್ನುಮೂಳೆ ಸವೆದಿದ್ದು ಅಂತ ಬರೆದೆ. ಕ್ಯಾನ್ಸರ್ ಬಂದವನಿಗೆ ಬರೆದೆ. ಆ ಸುಳ್ಳನ್ನು ನಾನು ಡಾಕ್ಟರಮ್ಮನ ಮುಂದೆ ಎದೆ ತಟ್ಟಿಕೊಂಡು ಒಪ್ಪಿಸಿದೆ.

ಪ್ಯಾಂಟು ಹಾಕಿ ನೋಡಿದೆ. ಸೊಂಟ ಸರಿಯಾಗಿ ಕೂತಿದೆ, ಹೊಲಿಗೆಯಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಲೈನಿಂಗನ್ನು ಕೈಯಿಂದ ಮುಟ್ಟಿ ನೋಡಿದೆ. ನನಗೆ ಆಪರೇಷನ್ನೇ ಇಲ್ಲ ಅಂತ ಬರೆದಿದ್ದೆನಲ್ಲ, ಅದನ್ನು ನೀನು ಓದಲಿಲ್ಲವಾ? ಆಪರೇಷನ್ ಬೇಗ ಗೊತ್ತಾದವರಿಗೆ. ಒದ್ದೆಯಾಗುವ ಭಾಗ್ಯವೂ ಅವರಿಗೇ. ಈ ಲೈನಿಂಗು ನಿನ್ನಂಥವರಿಗೆ, ನನಗಲ್ಲ. ಎರಡೂ ಪ್ಯಾಂಟು ವಾಪಸು ಕಳಿಸುತ್ತಿದ್ದೇನೆ.

ನಂಬಿಸಿ ಕತ್ತು ಕೊಯ್ದೆಯಲ್ಲೋ.

— ತಮ್ಮ ಅಂತ ಬರೆಯಲು ಇವತ್ತು ಕೈ ಬರುತ್ತಿಲ್ಲ


ಮೇ 30

ತಮ್ಮಾ,

ಇದಕ್ಕೆ ಮೊದಲು ಬರೆದದ್ದನ್ನೆಲ್ಲ ಹರಿದುಹಾಕಿದೆ. ನೀನು ಬೈದದ್ದು ಕಡಿಮೆ. ಪಾರ್ಸಲ್ಲನ್ನು ಅಂಗಡಿಯಲ್ಲಿ ಎಲ್ಲರ ಮುಂದೆ ಬಿಚ್ಚಿದೆ, ಪ್ಯಾಂಟು ನೋಡಿ ದೊಡ್ಡವನು "ಯಾಕಪ್ಪ, ಚಿಕ್ಕಪ್ಪಂಗೆ ಹಿಡಿಸಲಿಲ್ವಾ?" ಅಂದ. ಅಳತೆ ತಪ್ಪಿದೆ ಅಂದೆ.

ಹೇಳಬೇಕು ಅಂತ ಇರಲಿಲ್ಲ ಅಂದುಕೊಳ್ಳಬೇಡ. ಅಪ್ಪ ಹೋದ ಮೇಲೆ ಹೇಳೋಣ ಅಂದುಕೊಂಡೆ. ನಿನಗೆ ಆಗ ಮೂವತ್ತಾರು, ಇನ್ನೂ ಟೈಮಿದೆ ಅನ್ನಿಸಿತು. ಆಮೇಲೆ ನನಗೇ ಬಂತು. ನಿನಗೆ ಹೇಳಬೇಕಾದರೆ ನನ್ನದನ್ನೂ ಹೇಳಬೇಕು. ಒದ್ದೆಯಾಗುವುದು ಮಾತ್ರ ಅಲ್ಲವಲ್ಲ, ಇನ್ನೂ ಏನೇನೋ ಹೋಗುತ್ತದೆ, ನಾನು ಬಿಡಿಸಿ ಬರೆಯಲಾರೆ, ನೀನೂ ಗಂಡಸು. ನೀನು ಕಾಲು ಒತ್ತುತ್ತಾ ಕೂತಾಗ ಬಾಯಿಯವರೆಗೂ ಬಂದಿತ್ತು. ಹೊರಗೆ ಬರಲಿಲ್ಲ. ನಿನ್ನತ್ತಿಗೆ ತಮ್ಮನಿಗೆ ಹೇಳಿದಿರಾ ಹೇಳಿದಿರಾ ಅಂತ ದಿನಾ ಕೇಳುತ್ತಿದ್ದಳು, ಅವಳ ಕಾಟ ತಪ್ಪಲಿ ಅಂತ ಹೇಳಿದೆ ಅಂದುಬಿಟ್ಟೆ. ಒಂದು ಸಲ ಅಂದ ಮೇಲೆ ಅದನ್ನೇ ಮುಂದುವರಿಸಬೇಕಾಯಿತು.

ಇನ್ನೊಂದು ಮಾತು. ನೀನು ನಗುತ್ತೀಯ. ಮಿಷನ್ ಬಿಟ್ಟು ಹೋದವನಿಗೆ ಬರುವುದಿಲ್ಲ ಅಂತ ನಾನೂ ಅರ್ಧ ನಂಬಿದ್ದೆ. ಡಾಕ್ಟರು ಹೆಸರು ಹೇಳಿದ ಮೇಲೂ ನಂಬಿದ್ದೆ. ಅಜ್ಜನಿಂದ ಕೇಳಿಕೊಂಡು ಬಂದ ಮಾತು, ಎಲ್ಲಿಗೆ ಹೋಗುತ್ತದೆ.

ನನ್ನದೊಂದೇ ಬೇಡಿಕೆ. ಮಕ್ಕಳಿಗೆ ನಾನೇ ಹೇಳುತ್ತೇನೆ. ದೊಡ್ಡವನಿಗೆ ಮೂವತ್ತೊಂಬತ್ತು ಆಯಿತು, ಹೇಳಲೇಬೇಕು, ಗೊತ್ತು. ನೀನು ಮಾತ್ರ ಬಾಯಿ ಬಿಡಬೇಡ. ಹೇಳುವುದು ಅಪ್ಪನ ಕೆಲಸ. ಅಷ್ಟು ಮರ್ಯಾದೆ ಉಳಿಸು. ಇಬ್ಬರನ್ನೂ ಕೂರಿಸಿಕೊಂಡು ಹೇಳುತ್ತೇನೆ, ನಿನ್ನ ಮೇಲಾಣೆ.

ನಿನ್ನ ಅಣ್ಣ


ಜೂನ್ 6

ಅಣ್ಣಾ,

ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ, ಈಗ ಅದಕ್ಕೆ ಪುರುಸೊತ್ತೂ ಇಲ್ಲ. ಇಂಜೆಕ್ಷನ್ನಿಗೆ ಹೋಗುವಾಗ ಉದ್ದಣ್ಣ ಜೊತೆಗೆ ಬರುತ್ತಾನೆ. ವರ್ಷಾ ವರ್ಷಾ ನಾನು ಅವನ ಜೊತೆ ಹೋಗಲಿಲ್ಲ, ಅವನು ಮಾತ್ರ ಒಂದು ಸಲವೂ ತಪ್ಪಿಸಿಲ್ಲ.

ಮಕ್ಕಳ ವಿಷಯ ನಿನಗೆ ಬಿಟ್ಟಿದ್ದೇನೆ. ನಾನು ಬಾಯಿ ಬಿಡುವುದಿಲ್ಲ. ಆದರೆ ಹೇಳು. ನನಗೆ ಮಾಡಿದ್ದನ್ನು ಆ ಹುಡುಗರಿಗೆ ಮಾಡಬೇಡ. ದೊಡ್ಡವನು ನನ್ನ ಸೈಕಲ್ಲಿನ ಬಾರಿನ ಮೇಲೆ ಕೂತು ಗಂಟೆ ಬಾರಿಸಿಕೊಂಡು ಬೆಳೆದವನು. ನಿನಗೆ ಹೇಗೋ ನನಗೂ ಹಾಗೇ.

ಕಾಯುತ್ತಿರುವ,
ತಮ್ಮ


ಜುಲೈ 8

ಪ್ರೀತಿಯ ಚಿಕ್ಕಪ್ಪನವರಿಗೆ,

ನಿಮ್ಮ ಕಾಯಿಲೆಯ ವಿಷಯ ಅಪ್ಪ ಮೊನ್ನೆ ನಮ್ಮಿಬ್ಬರನ್ನೂ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು ಹೇಳಿದರು. ಹೇಳುವಾಗ ಅವರ ಕಣ್ಣಲ್ಲಿ ನೀರು ಬಂತು. ಅಪ್ಪ ಅತ್ತಿದ್ದನ್ನು ನಾವು ನೋಡಿದ್ದು ಅದೇ ಮೊದಲು. ನಮಗೂ ತಡೆಯಲಾಗಲಿಲ್ಲ. ಮುಂದಿನ ತಿಂಗಳು ಕೆಲಸ ಕಡಿಮೆಯಾದ ಕೂಡಲೇ ಇಬ್ಬರೂ ಬಂದು ನಿಮ್ಮನ್ನು ನೋಡುತ್ತೇವೆ.

ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ್ದು ನಿಮಗೊಬ್ಬರಿಗೆ ಯಾಕೆ ಬಂತೋ ಚಿಕ್ಕಪ್ಪ. ಮೂವತ್ತು ವರ್ಷ ಸೈಕಲ್ ಸೀಟಿನ ಒತ್ತಡದಿಂದ ಅಂತ ಅಪ್ಪ ಹೇಳಿದರು. ನಾವು ಸೈಕಲ್ ಮುಟ್ಟಬಾರದು ಅಂತ ನಮ್ಮ ಕೈ ಹಿಡಿದು ಮಾತು ಕೊಡಿಸಿಕೊಂಡಿದ್ದಾರೆ. ನನ್ನ ಹಳೇ ಸೈಕಲ್ಲನ್ನು ಅವತ್ತೇ ಯಾರಿಗೋ ಕೊಟ್ಟುಬಿಟ್ಟೆ. ಕೊಡುವಾಗ ನಿಮ್ಮ ಸೈಕಲ್ಲಿನ ಬಾರಿನ ಮೇಲೆ ಕೂತು ಕಾಗದ ಹಂಚಲು ಬರುತ್ತಿದ್ದದ್ದು ನೆನಪಾಯಿತು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನಗೆ ಈಚೆಗೆ ಸ್ವಲ್ಪ ಸೊಂಟ ಹಿಡಿಯುತ್ತದೆ, ಅಷ್ಟೇ. ನಮ್ಮ ಮಾಮೂಲಿ ಮಿಷನ್ ಕಾಯಿಲೆ. ಅಪ್ಪ ದಪ್ಪ ಕುಶನ್ ಒಂದು ಹೊಲಿದು ಕೊಟ್ಟಿದ್ದಾರೆ.

ನೀವು ಬೇಗ ಹುಷಾರಾಗಬೇಕು.

ನಿಮ್ಮ ಮಗನಂಥ,
ದೊಡ್ಡವನು


ಜುಲೈ 12
(ಕಾರ್ಡು. ಅಂಗಡಿಯ ವಿಳಾಸಕ್ಕೆ.)

ಮಗಾ,

ಬೇಕೆಂದೇ ಕಾರ್ಡು ಬರೆಯುತ್ತಿದ್ದೇನೆ. ದಾರಿಯಲ್ಲಿ ಯಾರು ಬೇಕಾದರೂ ಓದಲಿ. ನಿನ್ನ ಅಜ್ಜ ಸತ್ತದ್ದು ಪ್ರಾಸ್ಟೇಟ್ ಕ್ಯಾನ್ಸರಿನಿಂದ. ನಿನ್ನ ಅಪ್ಪನಿಗೆ ಆರು ವರ್ಷದ ಹಿಂದೆ ಆದದ್ದು ಹರ್ನಿಯಾ ಅಲ್ಲ, ಅದೇ. ಬೇಗ ಗೊತ್ತಾಗಿ ಉಳಿದುಕೊಂಡ. ನನಗೂ ಅದೇ, ತಡವಾಗಿ ಗೊತ್ತಾಯಿತು. ಇದು ಮಿಷನ್ನಿನಿಂದ ಬಂದದ್ದಲ್ಲ, ಸೈಕಲ್ಲಿನಿಂದ ಬಂದದ್ದಲ್ಲ, ಮನೆಯಿಂದ ಬಂದದ್ದು. ನಿನ್ನ ಸೊಂಟದ ನೋವು ಬರೀ ಸೊಂಟದ ನೋವೇ ಇರಲಿ. ಆದರೆ ಈ ವಾರವೇ ಡಾಕ್ಟರ ಹತ್ತಿರ ಹೋಗಿ, ನಮ್ಮ ಮನೆಯಲ್ಲಿ ಮೂವರಿಗೆ ಇದೆ ಅಂತ ಹೇಳು. ತಮ್ಮನನ್ನೂ ಕರೆದುಕೊಂಡು ಹೋಗು. ನಿನ್ನ ಅಪ್ಪನಿಗೆ ಕೊಟ್ಟ ಮಾತನ್ನು ನಾನು ಮುರಿದಿದ್ದೇನೆ, ಅವನಿಂದಲೇ ಕಲಿತದ್ದು.

ಕಾಜಾದವರೇ, ಇದನ್ನು ಮೊದಲು ಓದುತ್ತಿರುವುದು ನೀವೇ ಅಂತ ನನಗೆ ಗೊತ್ತು. ಯಜಮಾನರ ಕೈಗೆ ಕೊಡಬೇಡಿ. ಮಿಷನ್ ಎಲ್ಲ ನಿಲ್ಲಿಸಲು ಹೇಳಿ, ಗಟ್ಟಿಯಾಗಿ ಓದಿ.

— ಚಿಕ್ಕಪ್ಪ